ಕಟ್ಟು ಬಿಚ್ಚುವ ಮುನ್ನ

ನೋಡವ್ವಾ, ಹಸ್ತಪ್ರತಿ ವಿಷಯದಲ್ಲೇ ಸಂಶೋಧನೆ ಮಾಡುತ್ತೇನೆಂದು ನೀನು ಹಟ ಹಿಡಿದ ಸುದ್ದಿಯನ್ನು ನಿಮ್ಮಪ್ಪ ಹೇಳಿದ. ‘ಹಳೇ ಓಲಿಗರಿ ಓದಿದ್ರ ಹೊಟ್ಟಿ ತುಂಬತೈತೇನು ಕಾಕಾ?’ ಎಂದು ಕೇಳಿದ. ಅವನ ಚಿಂತೆ ತಪ್ಪಲ್ಲ, ಅದಕ್ಕೆ ಉತ್ತರ ಅವನಿಗೇ ಕೊಟ್ಟಿದ್ದೇನೆ. ಈ ಕಾಗದ ನಿನಗೆ. ಸಾಲಿ ಮಾಸ್ತರಿಕೆಯ ನಡುವೆ ರಜೆ ಸಿಕ್ಕಾಗಲೆಲ್ಲ ಹಳೆಯ ಕಟ್ಟುಗಳ ಬೆನ್ನು ಹತ್ತಿದವನು ನಿನ್ನ ಈ ಸಣ್ಣಜ್ಜ. ಶಾಸ್ತ್ರವನ್ನು ನಿನ್ನ ಗುರುಗಳು ಕಲಿಸುತ್ತಾರೆ. ಶಾಸ್ತ್ರದ ಪುಸ್ತಕದಲ್ಲಿ ಸಿಗದ ಕೆಲವು ಮಾತು ಮಾತ್ರ ನಾನು ಹೇಳುತ್ತೇನೆ.

ಗಬ್ಬೂರ ಕ್ರಾಸಿನಲ್ಲಿ ಬೆಂಗಳೂರಿಗೆ ಹೋಗುವ ಲಾರಿಗಳನ್ನು, ಬೈಪಾಸಿಗೆ ತಿರುಗುವ ಬಸ್ಸುಗಳನ್ನು ನೋಡುತ್ತ ಬೆಳೆದವಳು ನೀನು. ಇಂಥ ಹೆದ್ದಾರಿಯ ಊರಿಗೂ ತಾಳೆಗರಿಗೂ ಏನು ಸಂಬಂಧ ಎಂದು ನಿನ್ನ ಗೆಳತಿಯರು ಕೇಳಿಯಾರು. ಆ ಬೈಪಾಸು ಮುಗಿಯುವುದು ಧಾರವಾಡದ ಆಚೆ, ನರೇಂದ್ರದಲ್ಲಿ. ಅಲ್ಲಿಯ ಶಾಸನಗಳು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವು. ನಡುವೆ ಇರುವ ಧಾರವಾಡದಲ್ಲಿ 1880ರಲ್ಲಿ ಫ.ಗು. ಹಳಕಟ್ಟಿಯವರು, ಮರುವರ್ಷ ಉತ್ತಂಗಿ ಚೆನ್ನಪ್ಪನವರು ಹುಟ್ಟಿದರು. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ, ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಕಣ್ಣು ಬಿಟ್ಟದ್ದೂ ಅದೇ ಊರಲ್ಲಿ. ಮೂಡಣಕ್ಕೆ ಗದಗ ದಾಟಿದರೆ ಲಕ್ಕುಂಡಿ, ತೆಂಕಣಕ್ಕೆ ಹೋದರೆ ಶರೀಫರ ಶಿಶುನಾಳ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ ಸೇರುವಷ್ಟು ದೂರದಲ್ಲಿ ನಿನ್ನ ವಿಷಯವೆಲ್ಲ ಹರಡಿಕೊಂಡಿದೆ. ಹುಬ್ಬಳ್ಳಿಗೆ ಹೋಗಿ ಚಿಗರಿ ಬಸ್ಸು ಹತ್ತಿದರೆ ಧಾರವಾಡದ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ನೀನು ಅಲ್ಲಿರುತ್ತೀ. ಈ ಅನುಕೂಲ ಎಲ್ಲರಿಗೂ ಇಲ್ಲ. ಇದನ್ನು ಕಳೆದುಕೊಳ್ಳಬೇಡ.

ಲಕ್ಕುಂಡಿಯ ಹೆಸರು ಬಂತು, ಅಲ್ಲಿಂದಲೇ ಶುರು ಮಾಡುತ್ತೇನೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಲಕ್ಕುಂಡಿಯ ಅತ್ತಿಮಬ್ಬೆ ಬರೆಸಿ ಹಂಚಿದಳೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ದಾನಚಿಂತಾಮಣಿ ಎನ್ನುತ್ತೇವೆ, ಭಾಷಣ ಮಾಡುತ್ತೇವೆ, ಅಲ್ಲಿಗೆ ಬಿಡುತ್ತೇವೆ. ನೀನು ಅಲ್ಲಿಗೆ ಬಿಡಬಾರದು. ಸಾವಿರ ಪ್ರತಿ ಎಂದರೆ ಎಷ್ಟು ಗರಿ? ನಮ್ಮ ಎರಿ ಭೂಮಿಯಲ್ಲಿ ಶ್ರೀತಾಳದ ಮರ ಬೆಳೆಯುವುದಿಲ್ಲ, ಅದು ಮಳೆ ಸುರಿಯುವ ಕರಾವಳಿಯ ಮರ. ಆ ಗರಿ ಬಂದಿದ್ದರೆ ಯಾವ ಘಟ್ಟ ಹತ್ತಿ, ಯಾರ ಹೇರಿನ ಮೇಲೆ ಬಂತು? ಅದನ್ನು ಕುದಿಸಿ, ಒಣಗಿಸಿ, ಉಜ್ಜಿ, ಒಂದಳತೆಗೆ ಕತ್ತರಿಸಿದವರು ಯಾರು? ಕಂಠ ಎಂಬ ಲೇಖನಿ ಹಿಡಿದು ಕೊರೆದವರು ಎಷ್ಟು ಮಂದಿ, ಅವರಿಗೆ ಕೂಲಿ ಏನು? ಪ್ರತಿಗಳು ಯಾವ ಬಸದಿಗಳಿಗೆ ಹೋದವು? ಹತ್ತನೆಯ ಶತಮಾನದ ಕೊನೆಯಲ್ಲಿ ಒಂದು ಪುಸ್ತಕವನ್ನು ಸಾವಿರ ಕಡೆಗೆ ಮುಟ್ಟಿಸುವುದೆಂದರೆ ಒಂದು ದೊಡ್ಡ ವ್ಯವಸ್ಥೆ. ಪುಸ್ತಕದ ಚರಿತ್ರೆ ಎಂದು ಈಗ ವಿಶ್ವವಿದ್ಯಾಲಯಗಳಲ್ಲಿ ಕರೆಯುವ ವಿಷಯ ಇದೇ. ಕವಿಯ ಬಗ್ಗೆ ನಮ್ಮಲ್ಲಿ ಕಪಾಟುಗಟ್ಟಲೆ ಬರೆದಿದ್ದಾರೆ, ದಾನಿಯ ಬಗ್ಗೆಯೂ ಬರೆದಿದ್ದಾರೆ. ಲಿಪಿಕಾರನ ಬಗ್ಗೆ ಬರೆಯುವವರು ಬೇಕಾಗಿದ್ದಾರೆ.

ನಾನು ನಿನಗೆ ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಪ್ರತಿಯೊಂದು ಪ್ರತಿಯ ಹಿಂದೆ ಜನ ಇದ್ದಾರೆ. ಬರೆದವನು, ಬರೆಸಿದವನು, ಓದಿದವನು, ಜಗಲಿಯ ಮೇಲಿಟ್ಟು ಕಾಯ್ದವನು. ಅದರೊಳಗಿನ ಕಾವ್ಯವನ್ನಷ್ಟೇ ಎತ್ತಿಕೊಂಡು ಬಂದರೆ ಇವರೆಲ್ಲ ಅಲ್ಲೇ ಉಳಿದುಬಿಡುತ್ತಾರೆ.

ಕುಂದಗೋಳದ ಕಡೆ ಒಂದು ಮನೆಯಲ್ಲಿ ನಾನು ನೋಡಿದ ಕಟ್ಟೊಂದರ ವಿಚಾರ ಹೇಳುತ್ತೇನೆ. ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣ. ನಮ್ಮ ಸೀಮೆಯಲ್ಲಿ ಅದೇನೂ ಅಪರೂಪದ ಗ್ರಂಥವಲ್ಲ, ಅಚ್ಚಾಗಿ ಎಷ್ಟೋ ಕಾಲವಾಯಿತು. ಪಠ್ಯಕ್ಕಾಗಿ ಹೋದವನಾಗಿದ್ದರೆ ಹತ್ತು ಗರಿ ನೋಡಿ ಕೈಮುಗಿದು ಬಂದುಬಿಡುತ್ತಿದ್ದೆ. ಆದರೆ ಗರಿಗಳನ್ನು ಒಂದೊಂದಾಗಿ ಮಗುಚುತ್ತ ಹೋದಂತೆ ನಡುವಿನ ಕೆಲವು ಸಂಧಿಗಳ ಗರಿಗಳ ಅಂಚು ಮಾತ್ರ ಕಪ್ಪಾಗಿ ಮಿರುಗುತ್ತಿತ್ತು. ಹೆಬ್ಬೆರಳು ಹಿಡಿಯುವ ಜಾಗ ಅದು. ಶ್ರಾವಣ ಮಾಸದ ಪುರಾಣದಲ್ಲಿ ಮತ್ತೆ ಮತ್ತೆ ಓದಿಸಿದ ಭಾಗ ಯಾವುದೆಂದು ಆ ಬೆರಳಿನ ಜಿಡ್ಡು ಹೇಳುತ್ತಿತ್ತು. ಬೇರೆ ಕೆಲವು ಗರಿಗಳು ಬರೆದ ದಿನದ ಹಾಗೇ ಸ್ವಚ್ಛವಾಗಿದ್ದವು, ಯಾರೂ ಮುಟ್ಟಿರಲಿಲ್ಲ. ನಡುವೆ ಒಂದು ಕಡೆ ಅಕ್ಷರ ಬದಲಾಗಿತ್ತು. ಅಲ್ಲಿಯವರೆಗೆ ಸಣ್ಣಗೆ, ದುಂಡಗೆ ಕೊರೆದ ಕೈ ನಿಂತು, ಅಲ್ಲಿಂದ ಮುಂದೆ ಎಡಕ್ಕೆ ವಾಲುವ ದಪ್ಪ ಅಕ್ಷರ ಶುರುವಾಗಿತ್ತು. ತಂದೆ ಬಿಟ್ಟದ್ದನ್ನು ಮಗ ಮುಂದುವರಿಸಿದನೋ, ಶಿಷ್ಯ ಮುಗಿಸಿದನೋ. ಕೊನೆಯಲ್ಲಿ ಉಳಿದ ಒಂದು ಖಾಲಿ ಗರಿಯ ಮೇಲೆ ಯಾವುದೋ ಹುಡುಗ ಕಂಠ ಹಿಡಿದು ಅ ಆ ಇ ಈ ತಿದ್ದಿದ್ದ. ಈ ಯಾವ ಸಂಗತಿಯೂ ಅಚ್ಚಾದ ಪುಸ್ತಕಕ್ಕೆ ಬರುವುದಿಲ್ಲ. ಗ್ರಂಥ ಎಲ್ಲರಿಗೂ ಗೊತ್ತಿದ್ದದ್ದೇ ಆದರೂ ಆ ಪ್ರತಿ ಜಗತ್ತಿನಲ್ಲಿ ಒಂದೇ ಇತ್ತು.

ಆದ್ದರಿಂದ ‘ಇದು ಅಚ್ಚಾಗಿದೆ’ ಎಂದು ಯಾವ ಕಟ್ಟನ್ನೂ ಪಕ್ಕಕ್ಕೆ ಸರಿಸಬೇಡ.

ಈಗ ಓದುವ ಮಾತು. ಮೊದಲ ತಿಂಗಳು ನಿನಗೆ ಅಳು ಬರುತ್ತದೆ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಪದ್ಯ ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. ಎ-ಏ, ಒ-ಓ ಬೇರೆ ಬೇರೆ ತೋರಿಸಿರುವುದಿಲ್ಲ. ಪಕಾರ, ವಕಾರ, ಷಕಾರ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮಹಾಪ್ರಾಣ ಇರಬೇಕಾದಲ್ಲಿ ಇರುವುದಿಲ್ಲ. ಆಗ ಕೈ ಹಿಡಿಯುವುದು ಛಂದಸ್ಸು. ಕನ್ನಡದ ಹಳೆಯ ಕಾವ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಬರುತ್ತದೆ. ಆ ವ್ಯಂಜನ ಯಾವುದೆಂದು ಒಮ್ಮೆ ಗೊತ್ತಾದರೆ, ಒಂದೇ ಸಮನೆ ಹರಿದ ಸಾಲಿನೊಳಗೆ ಪಾದಗಳು ಎಲ್ಲೆಲ್ಲಿ ಶುರುವಾಗುತ್ತವೆಂದು ತಾವೇ ತೋರಿಕೊಡುತ್ತವೆ. ಷಟ್ಪದಿಯ ಮಾತ್ರೆ ಎಣಿಸಿ ನೋಡು: ಒಂದು ಮಾತ್ರೆ ಕಡಿಮೆ ಬಿದ್ದರೆ ಲಿಪಿಕಾರ ಅಕ್ಷರವನ್ನೋ ದೀರ್ಘವನ್ನೋ ನುಂಗಿದ್ದಾನೆ. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಪರೀಕ್ಷೆಗಾಗಿ ಓದಿದ್ದೀ. ಈಗ ಅವನ್ನು ಕೆಲಸಕ್ಕಾಗಿ ಮತ್ತೆ ಓದು. ಶಬ್ದಮಣಿದರ್ಪಣವನ್ನು 1872ರಲ್ಲಿ, ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಹೊರತಂದ ಕಿಟೆಲ್ ಜರ್ಮನಿಯಿಂದ ಬಂದವನು. ನಿಘಂಟನ್ನು 1894ರಲ್ಲಿ ಮುಗಿಸುವ ಮುಂಚೆ ಅವನು ಹಿಡಿದ ದಾರಿ ಇದೇ: ಮೊದಲು ವ್ಯಾಕರಣ, ಛಂದಸ್ಸು, ಆಮೇಲೆ ಶಬ್ದ. ಕನ್ನಡ ಮನೆಯಲ್ಲೇ ಹುಟ್ಟಿದ ನಮಗೆ ಆ ಶ್ರಮ ಭಾರವಾಗಬಾರದು.

ನಕಲು ಮಾಡುವಾಗ ಇದ್ದದ್ದನ್ನು ಇದ್ದ ಹಾಗೆ ಬರೆ. ತಪ್ಪು ಎಂದು ನಿನಗೆ ಖಾತ್ರಿ ಇದ್ದರೂ ಮೂಲದ ಸಾಲಿನಲ್ಲಿ ಕೈಯಾಡಿಸಬೇಡ, ನಿನ್ನ ತಿದ್ದುಪಡಿ ಅಡಿಟಿಪ್ಪಣಿಯಲ್ಲಿರಲಿ. ವಚನಗಳ ಪ್ರತಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಎಲ್ಲ ವಚನಗಳೂ ಒಂದೇ ಅಂಕಿತದಲ್ಲಿ ಮುಗಿಯುವಾಗ ಬರೆಯುವವನ ಕಣ್ಣು ಒಂದು ಅಂಕಿತದಿಂದ ಮುಂದಿನ ಅಂಕಿತಕ್ಕೆ ಹಾರಿಬಿಡುವುದು ಸುಲಭ, ನಡುವಿನ ಇಡೀ ವಚನವೇ ಬಿದ್ದುಹೋಗುತ್ತದೆ. ಒಂದು ಕಟ್ಟಿನಲ್ಲಿ ಇಲ್ಲ ಎಂದಾಕ್ಷಣ ಆ ವಚನ ಪ್ರಕ್ಷಿಪ್ತ ಎಂದು ತೀರ್ಪು ಕೊಡಬೇಡ. ಹಾಗೆಯೇ, ಎರಡು ಪ್ರತಿಗಳಲ್ಲಿ ಎರಡು ಪಾಠ ಸಿಕ್ಕಾಗ ಸುಲಭವಾಗಿ ಅರ್ಥವಾಗುವುದನ್ನು ಆರಿಸುವ ಆಸೆ ಆಗುತ್ತದೆ. ಕಷ್ಟದ ಶಬ್ದವನ್ನು ಯಾರೋ ಸುಲಭ ಮಾಡಿರುವುದೇ ಹೆಚ್ಚು, ಸುಲಭವನ್ನು ಕಷ್ಟ ಮಾಡಿದವರು ಕಡಿಮೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’, ಎಂ.ಎಂ. ಕಲಬುರ್ಗಿಯವರ ‘ಕನ್ನಡ ಗ್ರಂಥಸಂಪಾದನ ಶಾಸ್ತ್ರ’ ಇವೆರಡೂ ನಿನ್ನ ತಲೆದಿಂಬಿನ ಹತ್ತಿರ ಇರಲಿ.

ಕಾಲ ಹೇಳುವಾಗ ಅವಸರ ಮಾಡಬೇಡ. ಗ್ರಂಥದ ಕೊನೆಯ ಪುಷ್ಪಿಕೆಯಲ್ಲಿ ‘ವಿಳಂಬಿ ಸಂವತ್ಸರ’ ಎಂದು ಬರೆದಿದೆ ಎಂದುಕೋ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಅದು 1718 ಆಗಬಹುದು, 1778 ಆಗಬಹುದು, 1838ಕ್ಕೂ ಬರುತ್ತದೆ. ಜೊತೆಗೆ ಶಕ 1700 ಎಂದಿದ್ದರೆ ಎಪ್ಪತ್ತೆಂಟು ಕೂಡಿಸಿ 1778 ಎನ್ನಬಹುದು. ಅದೂ ಮಾಘ, ಫಾಲ್ಗುಣ ಮಾಸವಾಗಿದ್ದರೆ ಇಂಗ್ಲಿಷ್ ವರ್ಷ 1779 ಆಗಿರುತ್ತದೆ. ಶಕ ಇಲ್ಲದಿದ್ದರೆ ತಿಥಿ, ವಾರ ಎರಡೂ ಹೊಂದುವ ವರ್ಷ ಯಾವುದೆಂದು ಪಂಚಾಂಗ ಹಿಡಿದು ಕೂಡು. ಮತ್ತೆ ಆ ಕಾಲ ನಕಲು ಮಾಡಿದ ಕಾಲ, ಕವಿಯ ಕಾಲವಲ್ಲ. ಪುಷ್ಪಿಕೆಯಲ್ಲಿ ಲಿಪಿಕಾರ ಒಮ್ಮೊಮ್ಮೆ ತನ್ನ ಸಂಕಟವನ್ನೂ ಬರೆದಿರುತ್ತಾನೆ: ಬೆನ್ನು, ಸೊಂಟ, ಕುತ್ತಿಗೆ ಮುರಿದುಹೋದವು, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಇದನ್ನು ಜೋಪಾನ ಮಾಡಿರಿ, ನೀರಿನಿಂದ ಕಾಯಿರಿ, ಎಣ್ಣೆಯಿಂದ ಕಾಯಿರಿ, ಸಡಿಲ ಕಟ್ಟಿನಿಂದ ಕಾಯಿರಿ ಎಂಬ ಅರ್ಥದ ಸಂಸ್ಕೃತ ಶ್ಲೋಕಗಳು ಭಾರತದ ಎಲ್ಲ ಕಡೆಯ ಪ್ರತಿಗಳಲ್ಲಿ ಸಿಗುತ್ತವೆ. ಕೆಲವರು ಇದನ್ನು ರೂಢಿಯ ಮಾತೆಂದು ಪಟ್ಟಿಯಲ್ಲಿ ಬಿಟ್ಟುಬಿಡುತ್ತಾರೆ. ನೀನು ಬಿಡಬೇಡ. ಇಡೀ ಕಟ್ಟಿನಲ್ಲಿ ಆ ಮನುಷ್ಯ ತನಗಾಗಿ ಕೇಳಿಕೊಂಡದ್ದು ಅಷ್ಟೇ.

ಇನ್ನೊಂದು ವಿದ್ಯೆ ನಮ್ಮ ಕಡೆಯವರು ಕಲಿಯಲೇಬೇಕು: ಮೋಡಿ ಲಿಪಿ. ಧಾರವಾಡ ಸೀಮೆ ಪೇಶ್ವೆಯರ ಕೈಯಲ್ಲಿದ್ದು ಆಮೇಲೆ ಮುಂಬೈ ಇಲಾಖೆಗೆ ಸೇರಿದ್ದು. ಹಳೆಯ ಕುಲಕರ್ಣಿ ಮನೆಗಳ ದಫ್ತರ, ಸನದು, ಲೆಕ್ಕಪತ್ರಗಳಲ್ಲಿ ಬಹಳಷ್ಟು ಮೋಡಿಯಲ್ಲಿವೆ. ಕನ್ನಡದ ವಿದ್ಯಾರ್ಥಿಗಳು ‘ಅದು ಮರಾಠಿ, ನಮ್ಮದಲ್ಲ’ ಎಂದು ದೂರ ಸರಿಯುತ್ತಾರೆ. ನಮ್ಮೂರ ಹೊಲ, ಕೆರೆ, ಗುಡಿಗಳ ಲೆಕ್ಕ ಅದರೊಳಗಿರುವಾಗ ನಮ್ಮದಲ್ಲದೆ ಯಾರದು? ಹಾಗೇ ಭಜನೆಯ ವಹಿ, ಸಣ್ಣಾಟದ ಪ್ರತಿ, ನಾಟಕ ಕಂಪನಿಯ ಕೈಬರಹ, ಇವೂ ಹಸ್ತಪ್ರತಿಗಳೇ. ಶರೀಫರ ಪದಗಳು ಬಾಯಿಂದ ಬಾಯಿಗೆ, ವಹಿಯಿಂದ ವಹಿಗೆ ಸಾಗಿ ಬಂದವು. ತಾಳೆಗರಿಗೆ ಸಿಗುವ ಮರ್ಯಾದೆ ಆ ಗೆರೆ ಹಾಕಿದ ನೋಟುಬುಕ್ಕಿಗೆ ಸಿಗುತ್ತಿಲ್ಲ. ನನ್ನ ಅಭಿಪ್ರಾಯದಲ್ಲಿ ಮುಂದಿನ ಇಪ್ಪತ್ತು ವರ್ಷದಲ್ಲಿ ನಾವು ಹೆಚ್ಚಾಗಿ ಕಳೆದುಕೊಳ್ಳುವುದು ಗರಿಗಳನ್ನಲ್ಲ, ಈ ವಹಿಗಳನ್ನೇ.

ಯಾರ ದಾರಿ ಹಿಡಿಯಲಿ ಎಂದು ಕೇಳುತ್ತೀ. ಹಳಕಟ್ಟಿಯವರನ್ನು ನೋಡು. ಓದಿದ್ದು ಕಾಯಿದೆ, ವಿಜಯಪುರದಲ್ಲಿ ವಕೀಲರು. ಮಠ ಮಠ, ಮನೆ ಮನೆ ತಿರುಗಿ ವಚನದ ಕಟ್ಟುಗಳನ್ನು ಕೂಡಿಸಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಇನ್ನೊಬ್ಬರ ಮುದ್ರಣಾಲಯ ನಂಬಿ ಕೂತರೆ ಈ ರಾಶಿ ಹೊರಬರುವುದಿಲ್ಲವೆಂದು 1925ರಲ್ಲಿ ತಾವೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ. ಕೂಡಿಸುವವರೂ ಅವರೇ, ಸಂಪಾದಿಸುವವರೂ ಅವರೇ, ಅಚ್ಚು ಹಾಕಿಸಿ ಹಂಚುವವರೂ ಅವರೇ. ಇಂದು ಬಸವಣ್ಣನವರ ವಚನ ಶಾಲೆಯ ಗೋಡೆಯ ಮೇಲಿದ್ದರೆ ಅದರ ಹಿಂದೆ ಆ ಮುದ್ರಣಾಲಯದ ಮೊಳೆಗಳಿವೆ.

ಉತ್ತಂಗಿ ಚೆನ್ನಪ್ಪನವರು ಬಾಸೆಲ್ ಮಿಶನ್ನಿನ ಪಾದ್ರಿ. ಸರ್ವಜ್ಞನ ತ್ರಿಪದಿಗಳನ್ನು ಜನರ ಬಾಯಿಂದಲೂ ಓಲೆಗಳಿಂದಲೂ ಆಯ್ದು, ಹೋಲಿಸಿ, 1924ರಲ್ಲಿ ಪುಸ್ತಕ ಮಾಡಿದರು. ಆಮೇಲೆ ಮೋಳಿಗೆ ಮಾರಯ್ಯ, ಸಿದ್ಧರಾಮ, ಅನುಭವ ಮಂಟಪ ಎಂದು ವಚನ ಸಾಹಿತ್ಯದೊಳಗೇ ಇಳಿದರು. ಒಂದು ಧರ್ಮದ ಬೋಧಕ ಇನ್ನೊಂದು ಧರ್ಮದ ಗ್ರಂಥಗಳನ್ನು ಅಷ್ಟು ಪ್ರೀತಿಯಿಂದ, ಅಷ್ಟು ಶಿಸ್ತಿನಿಂದ ಓದಿದ್ದನ್ನು ನೆನೆದಾಗ ನನಗೆ ಇವತ್ತಿಗೂ ಕಣ್ಣು ತುಂಬುತ್ತವೆ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂಡಿಸಿದರು. ನೀನು ಯಾವ ಮಠದ, ಯಾವ ಬಸದಿಯ, ಯಾವ ದರ್ಗಾದ ಬಾಗಿಲಿಗೆ ಹೋದರೂ ಉತ್ತಂಗಿಯವರ ಮನಸ್ಸು ಇಟ್ಟುಕೊಂಡು ಹೋಗು.

ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟ 15 ಸಂಪುಟಗಳಲ್ಲಿ ಬಂತು. ಪ್ರತಿಯಲ್ಲಿ ಕಂಡದ್ದನ್ನು ಹೇಳುವುದಕ್ಕೆ ಅವರು ಯಾರ ಮುಖವನ್ನೂ ನೋಡಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಓದುವುದನ್ನು ಸರಿಯಾಗಿ ಓದಿ, ಪುರಾವೆ ಎಷ್ಟು ಹೇಳುತ್ತದೋ ಅಷ್ಟನ್ನೇ ಹೇಳಿ, ಹೇಳಿದ ಮೇಲೆ ಅದಕ್ಕೆ ನಿಲ್ಲಬೇಕು. ಪುರಾವೆ ಇಲ್ಲದ ಮಾತು ಆಡಬೇಡ. ಪುರಾವೆ ಇದ್ದದ್ದನ್ನು ಬಚ್ಚಿಡಬೇಡ.

ಯಾವುದು ಮೂಲ, ಯಾವುದು ಕೆಟ್ಟದ್ದು ಎಂಬ ಒಂದೇ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳಬೇಡ ಎಂದೂ ಹೇಳಬೇಕು. ಶೂನ್ಯಸಂಪಾದನೆಯನ್ನು ಮೊದಲು ಶಿವಗಣಪ್ರಸಾದಿ ಮಹಾದೇವಯ್ಯ ಜೋಡಿಸಿದ. ಆಮೇಲೆ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣ ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಜೋಡಿಸಿದರು. ಹಿಂದಿನದನ್ನು ಕೆಡಿಸಿದರೆಂದು ಇವರನ್ನು ಬೈಯುವುದು ಸಣ್ಣತನ. ಒಬ್ಬೊಬ್ಬನೂ ತನ್ನ ಕಾಲದ ಓದುಗ. ಪ್ರತಿಗಳು ಬೇರೆಯಾದಾಗ ಓದುವವರು ಹೇಗೆ ಬದಲಾದರೆಂದು ಕೇಳು, ನಿನ್ನ ಪ್ರಬಂಧಕ್ಕೆ ಅಲ್ಲೇ ಒಂದು ಅಧ್ಯಾಯವಿದೆ.

ಅಚ್ಚಾದ ಹಳೆಯ ಪುಸ್ತಕಗಳನ್ನೂ ಇದೇ ಕಣ್ಣಿನಿಂದ ನೋಡು. ನೇರವಾಗಿ ಮೊದಲ ಅಧ್ಯಾಯಕ್ಕೆ ಹಾರದೆ ಒಳಮುಖಪುಟ ನೋಡು: ಯಾವ ಮುದ್ರಣಾಲಯ, ಬೆಲೆ ಎಷ್ಟು ಆಣೆ, ಎಷ್ಟು ಪ್ರತಿ. ‘ಅರಿಕೆ’ ಎಂದು ಸಂಪಾದಕರು ಬರೆದ ಪುಟದಲ್ಲಿ ಓಲೆ ಕೊಟ್ಟ ಮನೆತನ, ಮಠ, ಊರುಗಳ ಹೆಸರು ಸಿಗುತ್ತವೆ. ನೂರು ವರ್ಷದ ಹಿಂದೆ ಯಾವ ಊರಲ್ಲಿ ಏನಿತ್ತೆಂಬ ನಕಾಶೆ ಅದು. ಹಿಂದಿನ ಪುಟದ ಚಂದಾದಾರರ ಪಟ್ಟಿ ಸಿಕ್ಕರೆ ಭಾಗ್ಯ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಅದರ ಅಟ್ಟದಲ್ಲಿ ಕೂತು ಹರಟಿದವರು, ಹಸ್ತಪ್ರತಿ ತಂದುಕೊಟ್ಟವರು, ತಿದ್ದಿದವರು ಎಂದು ಹುಡುಕುತ್ತ ಹೋದರೆ ಆಧುನಿಕ ಕನ್ನಡ ಸಾಹಿತ್ಯದ ಅರ್ಧ ಕಥೆ ಅಲ್ಲೇ ಸಿಗುತ್ತದೆ. ಲೇಖಕನ ಕೈಬರಹದಿಂದ ಅಚ್ಚಿನವರೆಗೆ ಏನೇನು ಬದಲಾಯಿತು ಎಂಬುದೂ ಹಸ್ತಪ್ರತಿ ಶಾಸ್ತ್ರವೇ. ತಾಳೆಗರಿ ಇಲ್ಲದಿದ್ದರೆ ಹಸ್ತಪ್ರತಿ ಇಲ್ಲ ಎಂದುಕೊಳ್ಳಬಾರದು.

ಸಮ್ಮೇಳನ, ವಿಚಾರಸಂಕಿರಣಗಳಿಗೆ ಹೋಗು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗದವರು ಅಖಿಲ ಕರ್ನಾಟಕ ಹಸ್ತಪ್ರತಿ ಸಮ್ಮೇಳನವನ್ನು ಬೇರೆ ಬೇರೆ ಊರುಗಳಲ್ಲಿ ನಡೆಸುತ್ತ ಬಂದಿದ್ದಾರೆ. ಅಂಥಲ್ಲಿ ಪ್ರಮಾಣಪತ್ರ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಓಡಿಬರುವ ಮಕ್ಕಳನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ವೇದಿಕೆಯ ಭಾಷಣಕ್ಕಿಂತ ಚಹಾದ ಹೊತ್ತು ದೊಡ್ಡದು. ಮೂಲೆಯಲ್ಲಿ ಒಬ್ಬರೇ ಕೂತ ಹಿರಿಯ ಪಂಡಿತರ ಪಕ್ಕ ಕೂತು, ನಿನಗೆ ಓದಲು ಬಾರದ ಒಂದು ಗರಿಯ ಫೋಟೊ ತೋರಿಸು. ಅವರು ಓದುವ ರೀತಿ ನೋಡು: ತುಟಿ ಅಲುಗುತ್ತದೆ, ಬೆರಳು ಮಾತ್ರೆ ಎಣಿಸುತ್ತದೆ, ಆಮೇಲೆ ತಟ್ಟನೆ ಪದ್ಯ ಬರುತ್ತದೆ. ಆ ತುಟಿಯ ವಿದ್ಯೆ ಯಾವ ವಿಡಿಯೊದಲ್ಲೂ ಸಿಗುವುದಿಲ್ಲ. ನಿನ್ನ ಪ್ರಬಂಧ ಓದುವಾಗ ಕೊಟ್ಟ ಹತ್ತು ನಿಮಿಷದಲ್ಲಿ ಒಂದೇ ಪ್ರತಿಯ ಬಗ್ಗೆ ಮಾತಾಡು. ‘ಕನ್ನಡ ಹಸ್ತಪ್ರತಿ ಪರಂಪರೆ: ಒಂದು ಅವಲೋಕನ’ ಎಂಬಂಥ ತಲೆಬರಹ ನಮಗೆ ಸಾಕಾಗಿದೆ.

ಗ್ರಂಥಾಲಯಗಳಲ್ಲಿ ಪಟ್ಟಿ ಮಾಡುವವರನ್ನು ಕೆಳಗಿನವರೆಂದು ತಿಳಿಯಬೇಡ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಕೊಟ್ಟ ಒಂದು ಕಟ್ಟನ್ನು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಕೌಟಿಲ್ಯನ ಅರ್ಥಶಾಸ್ತ್ರ ಜಗತ್ತಿಗೆ ಮತ್ತೆ ಸಿಕ್ಕಿದ್ದು ಹಾಗೆ. ಕಪಾಟಿನಲ್ಲಿರುವುದು ಏನೆಂದು ಕೂತು ನೋಡುವವರು ಬೇಕು, ಅಷ್ಟೇ. 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ನಿನ ಕೆಲಸ ಈಗ ಜ್ಞಾನ ಭಾರತಂ ಎಂಬ ಹೆಸರಿನಲ್ಲಿ ಮುಂದುವರಿದಿದೆ, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಒಳಗೊಳ್ಳುವ ಗುರಿ ಅದಕ್ಕಿದೆ. ಫೋಟೊ ತೆಗೆಯುವ ಯಂತ್ರ ಬೇಕಾದಷ್ಟು ಬರುತ್ತವೆ. ತೆಗೆದ ಫೋಟೊ ಓದುವವರು ನಿಮ್ಮ ವಯಸ್ಸಿನವರೇ ಆಗಬೇಕು.

ಇನ್ನು ಮನೆಗಳಿಗೆ ಹೋಗುವ ಮಾತು. ಇದನ್ನು ಕೊನೆಗೆ ಇಟ್ಟಿದ್ದೇನೆ, ಇದೇ ಎಲ್ಲಕ್ಕಿಂತ ಭಾರದ್ದು.

ನಮ್ಮ ಮನೆಗಳಲ್ಲಿ ಕಟ್ಟು ಇರುವುದು ದೇವರ ಜಗಲಿಯ ಮೇಲೆ. ವಿಭೂತಿ, ಕುಂಕುಮ ಬಿದ್ದಿರುತ್ತದೆ, ದೀಪದ ಜಿಡ್ಡು ಹತ್ತಿರುತ್ತದೆ. ಅದು ಅವರಿಗೆ ಪುಸ್ತಕವಲ್ಲ, ದೇವರು. ಕಾಲು ತೊಳೆದು ಒಳಗೆ ಹೋಗು. ಮೊದಲ ದಿನ ಕಟ್ಟಿನ ಮಾತೇ ಎತ್ತಬೇಡ. ಮನೆಯ ಹಿರಿಯ ಅವ್ವನ ಜೊತೆ ಕೂತು ಮಾತಾಡು, ಕಟ್ಟು ಎಲ್ಲಿಂದ ಬಂತು, ಯಾರು ಓದುತ್ತಿದ್ದರು ಎಂಬುದು ಆಕೆಗೇ ಗೊತ್ತಿರುತ್ತದೆ. ಗಂಡಸರು ಅಜ್ಜನ ಹೆಸರು ಹೇಳಿ ಸುಮ್ಮನಾಗುತ್ತಾರೆ. ಕೊಡುವುದಿಲ್ಲ ಎಂದರೆ ಸಿಟ್ಟು ಮಾಡಬೇಡ. ಮೂಡುಬಿದಿರೆಯ ಸಿದ್ಧಾಂತ ಬಸದಿಯವರು ಧವಳ, ಜಯಧವಳ, ಮಹಾಧವಳಗಳ ಗರಿಗಳನ್ನು ಶತಮಾನಗಟ್ಟಲೆ ಹೊರಗಿನವರಿಗೆ ತೋರಿಸದೆ ಕಾಯ್ದರು. ಪ್ರಾಕೃತ ಭಾಷೆ, ಹಳಗನ್ನಡ ಲಿಪಿ. ಅವು ಅಚ್ಚಿನಲ್ಲಿ ಬರತೊಡಗಿದ್ದು 1939ರಿಂದ. ಅಷ್ಟು ಕಟ್ಟುನಿಟ್ಟಾಗಿ ಕಾಯ್ದದ್ದರಿಂದಲೇ ಅಚ್ಚು ಹಾಕಲು ಏನಾದರೂ ಉಳಿದಿತ್ತು. ಕಾಯ್ದವರಿಗೆ ಅನುಮಾನ ಪಡುವ ಹಕ್ಕು ಇದೆ.

ಬಿಚ್ಚಲು ಒಪ್ಪಿದರೆ ಅವರ ಮನೆಯಲ್ಲೇ, ಅವರ ಎದುರಿಗೇ ಬಿಚ್ಚು. ಒಣಗಿದ ಗರಿ ದಾರದ ತೂತಿನ ಹತ್ತಿರ ಮುರಿಯುತ್ತದೆ, ಆದ್ದರಿಂದ ದಾರ ಎಳೆಯಬೇಡ, ಗರಿಗಳನ್ನು ಸಡಿಲ ಮಾಡಿಕೊಂಡು ಒಂದೊಂದಾಗಿ ಎತ್ತು. ಕ್ರಮ ತಪ್ಪಿಸಬೇಡ. ಗರಿಯ ಎಡ ಅಂಚಿನಲ್ಲಿ ಕನ್ನಡ ಅಂಕಿ ಇರುತ್ತದೆ, ಒಂದು ಗರಿಯ ಎರಡೂ ಮಗ್ಗುಲಿಗೆ ಒಂದೇ ಸಂಖ್ಯೆ. ಅಂಕಿ ತಪ್ಪಿದ್ದರೂ ಕಟ್ಟಿನಲ್ಲಿ ಇದ್ದ ಹಾಗೇ ಫೋಟೊ ತೆಗೆ, ಹಲಗೆಯನ್ನೂ ಬಿಡಬೇಡ. ಅಂಟು ಟೇಪು ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಎಂದೂ ಕೂಡದು. ಗಟ್ಟಿಯಾಗಿ ಕಟ್ಟಿ, ಶುದ್ಧ ಅರಿವೆಯಲ್ಲಿ ಸುತ್ತಿ, ಇದ್ದಲ್ಲೇ ಇಡು. ಗೋಡೆಗೆ ತಾಗದ ಹಾಗೆ, ಎಣ್ಣೆ-ನೀರು ಬೀಳದ ಹಾಗೆ ಇಡಲು ಆ ಅವ್ವನಿಗೆ ತೋರಿಸಿಕೊಡು.

ಫೋಟೊಗಳ ಒಂದು ಪ್ರತಿ ಆ ಮನೆಗೆ ಕೊಡು. ಓದಿ ಮುಗಿಸಿದ ಮೇಲೆ ಮತ್ತೆ ಹೋಗಿ ಅದರೊಳಗೆ ಏನಿದೆ ಎಂದು ಹೇಳು, ಸಾಧ್ಯವಾದರೆ ಒಂದೆರಡು ಪದ್ಯ ಅವರ ಮುಂದೆ ಓದು. ಎಷ್ಟೋ ಮನೆಗಳಿಂದ ‘ನೋಡಿ ಕೊಡತೇವಿ’ ಎಂದು ಒಯ್ದ ಕಟ್ಟುಗಳು ತಿರುಗಿ ಬಂದಿಲ್ಲ. ಆ ನೋವು ಊರೂರಲ್ಲಿದೆ, ಅದಕ್ಕೇ ಬಾಗಿಲು ಮುಚ್ಚಿಕೊಳ್ಳುತ್ತವೆ. ನೀನು ಒಯ್ಯಲೇಬೇಕಾದರೆ ಗರಿಗಳ ಲೆಕ್ಕ ಬರೆದು, ಸಹಿ ಮಾಡಿ ರಸೀದಿ ಕೊಡು, ಹೇಳಿದ ದಿನಕ್ಕೆ ತಂದುಕೊಡು. ಮಾರುವ, ಕೊಳ್ಳುವ ದಲಾಲರ ನೆರಳೂ ಬೀಳಬಾರದು. ಎಪ್ಪತ್ತೈದು ವರ್ಷ ದಾಟಿದ ಬೆಲೆಯುಳ್ಳ ಹಸ್ತಪ್ರತಿ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದು ಅಪರಾಧ ಎಂಬುದನ್ನು ಮನೆಯವರಿಗೂ ತಿಳಿಸು.

ಓದುವವರಿಲ್ಲವೆಂದು ಭಕ್ತಿಯಿಂದಲೇ ಕಟ್ಟನ್ನು ಹೊಳೆಗೆ ಬಿಟ್ಟವರ ಮನೆಗಳೂ ನಿನಗೆ ಸಿಗುತ್ತವೆ. ಅವರನ್ನು ನಿಂದಿಸಬೇಡ. ಓದುತ್ತೇವೆ ಎಂದು ಅವರ ಬಾಗಿಲಿಗೆ ಯಾರೂ ಹೋಗಿರಲಿಲ್ಲ.

ಹಳಕಟ್ಟಿಯವರು ಹುಟ್ಟಿದ ಜುಲೈ 2ನ್ನು ನಾಡಿನಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಾರೆ. ಫೋಟೊಕ್ಕೆ ಮಾಲೆ ಹಾಕಿ, ಎರಡು ಭಾಷಣ ಮಾಡಿ ಮುಗಿಸುತ್ತೇವೆ. ಬರುವ ಜುಲೈ 2ಕ್ಕೆ ನೀನು ನಮ್ಮ ಸಾಲಿಯ ಮೇಲಿನ ತರಗತಿಯ ಮಕ್ಕಳನ್ನು ಕರೆದುಕೊಂಡು ಗಬ್ಬೂರಿನ ಹಳೆಯ ಮನೆಗಳಿಗೆ ಹೋಗು. ಓಲೆಕಟ್ಟು, ಭಜನೆಯ ವಹಿ, ಮೋಡಿ ಕಾಗದ, ಹಳೆಯ ಅಚ್ಚಿನ ಪುರಾಣ, ಏನಿದೆ ಎಂದು ಕೇಳಿ ಬರೆದುಕೊಳ್ಳಿ. ಒಂದನ್ನೂ ಎತ್ತಿಕೊಂಡು ಬರಬೇಡಿ, ಪಟ್ಟಿ ಮಾತ್ರ ಮಾಡಿ. ಹೆಡ್‌ಮಾಸ್ತರರ ಜೊತೆ ನಾನು ಮಾತಾಡಿ ಇಡುತ್ತೇನೆ. ನೀನು ಆ ವಾರ ಧಾರವಾಡದಿಂದ ರಜೆ ತೆಗೆದುಕೊಂಡು ಬಾ.